ಲ್ಯಾಬಿನಲ್ಲಿ ಸ್ಯಾಂಪಲ್ ಕಾಯಿಸಲು ಯಾವ ಲೇಸರ್ ಕೊಳ್ಳಬೇಕು?

ಹೋದ ತಿಂಗಳು ಮಂಡ್ಯದಿಂದ ಒಬ್ಬರು ಮೇಡಂ ಮೈಸೂರಿಗೆ ಬಂದು ನನ್ನನ್ನು ಕಂಡಿದ್ದರು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಜೊತೆಗೆ ಸಣ್ಣದೊಂದು ಸಂಶೋಧನಾ ಪ್ರಾಜೆಕ್ಟ್ ಸಿಕ್ಕಿದೆ. ಬ್ಯಾಗಿನಿಂದ ಮೂರು ಕೊಟೇಶನ್ ತೆಗೆದು ಮೇಜಿನ ಮೇಲೆ ಹರವಿದರು. ಒಂದು 100 ವ್ಯಾಟಿನ ಸಿಓಟೂ ಲೇಸರ್, ಅಂದರೆ ಕಾರ್ಬನ್ ಡೈಆಕ್ಸೈಡ್ ಲೇಸರ್. ಇನ್ನೊಂದು 50 ವ್ಯಾಟಿನ ಫೈಬರ್ ಲೇಸರ್. ಮತ್ತೊಂದು 60 ವ್ಯಾಟಿನ ಡಯೋಡ್ ಲೇಸರ್. "ಸರ್, ಮೂರರಲ್ಲಿ ಯಾವುದು ಒಳ್ಳೇದು?" ಅಂತ ಕೇಳಿದರು.

"ಏನನ್ನು ಕಾಯಿಸಬೇಕು ಮೇಡಂ?" ಅಂದೆ. ಮೂರು ಕೊಟೇಶನ್‌ಗಳಲ್ಲೂ ಅದೊಂದು ಬಿಟ್ಟು ಎಲ್ಲವೂ ಇತ್ತು.

ಲ್ಯಾಬ್ ಉಪಕರಣಗಳನ್ನು ಕೂರಿಸುವುದು, ರಿಪೇರಿ ಮಾಡುವುದು ನನ್ನ ಕೆಲಸ. ಮಾನಸಗಂಗೋತ್ರಿಯ ಪಿಎಚ್‌ಡಿ ಹುಡುಗರಿಂದ ಹಿಡಿದು ಕಾಲೇಜಿನ ಮೇಷ್ಟ್ರುಗಳವರೆಗೆ ಎಲ್ಲರೂ ಇದೇ ಪ್ರಶ್ನೆ ತರುತ್ತಾರೆ, ಎಲ್ಲರೂ ಮೊದಲು ನೋಡುವುದು ವ್ಯಾಟ್. ವ್ಯಾಟ್ ಜಾಸ್ತಿ ಇದ್ದರೆ ಜಾಸ್ತಿ ಕಾಯುತ್ತದೆ ಅನ್ನುವ ಲೆಕ್ಕ. ಆದರೆ ಬೆಳಕು ಸ್ಯಾಂಪಲ್ ಮೇಲೆ ಬಿದ್ದರಷ್ಟೇ ಸಾಲದು, ಸ್ಯಾಂಪಲ್ ಅದನ್ನು ಹೀರಬೇಕು. ಹೀರದ ಬೆಳಕು 500 ವ್ಯಾಟ್ ಇದ್ದರೂ ಒಂದೋ ಆರಪಾರ ಹೋಗುತ್ತದೆ, ಇಲ್ಲವೇ ತಿರುಗಿ ನಿಮ್ಮ ಕಡೆಗೇ ಬರುತ್ತದೆ. ಹಾಗಾಗಿ ಮೊದಲು ತರಂಗಾಂತರ, ಆಮೇಲೆ ವ್ಯಾಟ್. ಈ ಬರಹದ ಉದ್ದಕ್ಕೂ ನಾನು ಇದನ್ನೇ ಹಿಡಿದುಕೊಂಡು ಹೋಗುತ್ತೇನೆ.

ಅದಕ್ಕೂ ಮುಂಚೆ, ಲೇಸರ್ ಬೇಕೇ ಬೇಕಾ ಅಂತ ಕೇಳಿಕೊಳ್ಳಿ. ಮಂಡ್ಯದ ಕಡೆಯ ಆಲೆಮನೆ ನೋಡಿದ್ದೀರಲ್ಲ, ಕೊಪ್ಪರಿಗೆಯ ಕೆಳಗೆ ಬೆಂಕಿ ಹಾಕಿದರೆ ಒಲೆ, ಗೋಡೆ, ಕೊಪ್ಪರಿಗೆ, ಕಬ್ಬಿನ ಹಾಲು ಎಲ್ಲವೂ ಕಾಯುತ್ತವೆ. ಲ್ಯಾಬಿನ ವಿದ್ಯುತ್ ಒಲೆ, ಅಂದರೆ ಮಫಲ್ ಫರ್ನೇಸ್, ಮಾಡುವುದೂ ಅದನ್ನೇ. ಹತ್ತು ಗ್ರಾಂ ಪುಡಿಯನ್ನು 1200 ಡಿಗ್ರಿಯಲ್ಲಿ ಹನ್ನೆರಡು ಗಂಟೆ ಇಡಬೇಕು ಅನ್ನುವವರಿಗೆ ಫರ್ನೇಸ್ ಸಾಕು. ಅದೇ ಒಳ್ಳೆಯದು, ಅಗ್ಗವೂ ಹೌದು. ಲೇಸರ್ ಬೇಕಾಗುವುದು ಬೇರೆ ಕಡೆ. ಕೆಲವೇ ಸೆಕೆಂಡಿನಲ್ಲಿ ಕಾಯಿಸಿ ಅಷ್ಟೇ ಬೇಗ ತಣಿಸಬೇಕು. ಸ್ಯಾಂಪಲ್ ಮಾತ್ರ ಕಾಯಬೇಕು, ಸುತ್ತಲಿನ ಚೇಂಬರ್ ತಣ್ಣಗಿರಬೇಕು. ಯಾವ ಮೂಸೆಯೂ ತಡೆಯದಷ್ಟು ಬಿಸಿ ಬೇಕು, ಅಥವಾ ಮೂಸೆ ಸ್ಯಾಂಪಲನ್ನು ಮುಟ್ಟಲೇಬಾರದು. ಈ ಮೂರರಲ್ಲಿ ಒಂದಾದರೂ ನಿಮ್ಮ ಕೆಲಸಕ್ಕೆ ಹೊಂದಿದರೆ ಮುಂದೆ ಓದಿ.

ಮೊದಲ ಅಳತೆ: ಯಾವ ಬೆಳಕನ್ನು ಹೀರುತ್ತದೆ?

ಲ್ಯಾಬಿನಲ್ಲಿ ಕಾಯಿಸಲು ಸಿಗುವ ಲೇಸರ್‌ಗಳು ಸುಮಾರಾಗಿ ಮೂರು ಗುಂಪು. ನೀಲಿ ಬೆಳಕಿನ ಡಯೋಡ್, 450 ನ್ಯಾನೊಮೀಟರ್ ಆಸುಪಾಸು. ಕಣ್ಣಿಗೆ ಕಾಣದ ಹತ್ತಿರದ ಇನ್‌ಫ್ರಾರೆಡ್: 808, 940, 976 ನ್ಯಾನೊಮೀಟರಿನ ಡಯೋಡ್‌ಗಳು, 1064ರ ಯಾಗ್ ಹರಳಿನ ಲೇಸರ್, 1070ರ ಫೈಬರ್ ಲೇಸರ್. ಸಾವಿರ ನ್ಯಾನೊಮೀಟರ್ ಅಂದರೆ ಒಂದು ಮೈಕ್ರಾನ್, ಹಾಗಾಗಿ ಈ ಗುಂಪನ್ನು ಮುಂದೆ ಒಂದು ಮೈಕ್ರಾನಿನ ಬೆಳಕು ಅನ್ನುತ್ತೇನೆ. ಇವುಗಳಿಂದ ಬಹಳ ದೂರದಲ್ಲಿ, 10.6 ಮೈಕ್ರಾನಿನಲ್ಲಿ, ಸಿಓಟೂ ಲೇಸರ್. ಇದನ್ನು 1964ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಮಾಡಿದ್ದು ನಮ್ಮ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್.

ಬಿಳಿ ಸೆರಾಮಿಕ್, ಗಾಜು, ಕ್ವಾರ್ಟ್ಜ್, ನೀಲಮಣಿ, ಪ್ಲಾಸ್ಟಿಕ್, ಮರ, ನೀರು ಇವೆಲ್ಲ 10.6 ಮೈಕ್ರಾನ್ ಬೆಳಕನ್ನು ಚೆನ್ನಾಗಿ ಹೀರುತ್ತವೆ. ಒಂದು ಮೈಕ್ರಾನಿನ ಬೆಳಕು ಗಾಜಿನಲ್ಲಿ ಸಲೀಸಾಗಿ ದಾಟಿ ಹೋಗುತ್ತದೆ, ಬಿಳಿ ಪೆಲ್ಲೆಟ್‌ನಲ್ಲಿ, ಅಂದರೆ ಪುಡಿ ಒತ್ತಿ ಮಾಡಿದ ಬಿಲ್ಲೆಯಲ್ಲಿ, ಚೆದುರಿ ಹೊರಗೆ ಬರುತ್ತದೆ. ಲೋಹದ ಕತೆ ಉಲ್ಟಾ. ನಯ ಮಾಡಿದ ತಾಮ್ರ 10.6 ಮೈಕ್ರಾನಿಗೆ ಹೆಚ್ಚುಕಡಿಮೆ ಕನ್ನಡಿ. ಕಬ್ಬಿಣ, ಸ್ಟೀಲ್, ಟೈಟೇನಿಯಂ ಒಂದು ಮೈಕ್ರಾನಿನ ಬೆಳಕನ್ನು ಅದಕ್ಕಿಂತ ಎಷ್ಟೋ ಚೆನ್ನಾಗಿ ಹೀರುತ್ತವೆ. ಕಾರ್ಬನ್, ಸಿಲಿಕಾನ್ ಕಾರ್ಬೈಡ್, ಕಪ್ಪು ಬಣ್ಣದ ಕಬ್ಬಿಣ, ಕೋಬಾಲ್ಟ್, ಮ್ಯಾಂಗನೀಸ್ ಆಕ್ಸೈಡ್‌ಗಳಿಗೆ ಯಾವುದಾದರೂ ನಡೆಯುತ್ತದೆ.

ಪುಸ್ತಕದ ಅಂಕಿ ನಂಬಿ ಲಕ್ಷಗಟ್ಟಲೆ ಸುರಿಯುವ ಮೊದಲು ಕೈಯಲ್ಲಿರುವ ಸಾಮಾನಿನಿಂದಲೇ ಎರಡು ಪರೀಕ್ಷೆ ಮಾಡಬಹುದು. ನಾನು ಎಲ್ಲರಿಗೂ ಹೇಳುವುದು ಇವನ್ನೇ.

ಮೊದಲನೆಯದಕ್ಕೆ ಅಂಗಡಿಯಲ್ಲಿ ಸಿಗುವ ಐಆರ್ ಥರ್ಮಾಮೀಟರ್ ಗನ್ ಬೇಕು. ಹಣೆಗೆ ಹಿಡಿಯುವುದಲ್ಲ, ವರ್ಕ್‌ಶಾಪಿನದು. ಅದು ನೋಡುವುದು 8ರಿಂದ 14 ಮೈಕ್ರಾನಿನ ಬೆಳಕನ್ನು, ಸಿಓಟೂ ಲೇಸರಿನ 10.6 ಅದರೊಳಗೇ ಬರುತ್ತದೆ. ಸ್ಯಾಂಪಲನ್ನು ಹಾಟ್‌ಪ್ಲೇಟ್ ಮೇಲೆ 100 ಡಿಗ್ರಿಗೆ ಕಾಯಿಸಿ. ಪಕ್ಕದಲ್ಲಿ ಥರ್ಮೊಕಪಲ್, ಅಂದರೆ ಮುಟ್ಟಿಸಿ ಬಿಸಿ ಅಳೆಯುವ ತಂತಿ, ಇರಲಿ. ಈಗ ಗನ್ ಹಿಡಿಯಿರಿ. ಗನ್ ಕೂಡ 100ರ ಹತ್ತಿರ ತೋರಿಸಿದರೆ ನಿಮ್ಮ ಸ್ಯಾಂಪಲ್ ಆ ಬೆಳಕನ್ನು ಚೆನ್ನಾಗಿ ಹೊರಸೂಸುತ್ತಿದೆ. ಚೆನ್ನಾಗಿ ಸೂಸುವುದು ಅದೇ ತರಂಗಾಂತರದಲ್ಲಿ ಚೆನ್ನಾಗಿ ಹೀರುತ್ತದೆ, ಇದು ಕಿರ್ಕಾಫ್ ನಿಯಮ. ಗನ್ 40 ತೋರಿಸಿದರೆ ಸಿಓಟೂ ಲೇಸರ್ ನಿಮಗಲ್ಲ. ಅಡುಗೆಮನೆಯಲ್ಲೇ ನೋಡಬೇಕಾದರೆ ಫಳಫಳ ಹೊಳೆಯುವ ಸ್ಟೀಲ್ ಪಾತ್ರೆಯಲ್ಲಿ ನೀರು ಕುದಿಸಿ ಅದರ ಹೊರಮೈಗೆ ಗನ್ ಹಿಡಿಯಿರಿ, ತೀರಾ ಕಡಿಮೆ ತೋರಿಸುತ್ತದೆ. ಮಸಿ ಹಿಡಿದ ಪಾತ್ರೆಗೆ ಹಿಡಿಯಿರಿ, 100ರ ಹತ್ತಿರ ಬರುತ್ತದೆ. ಸ್ಯಾಂಪಲ್ ಚಿಕ್ಕದಿದ್ದರೆ ಗನ್ನನ್ನು ಹತ್ತಿರ ತನ್ನಿ. ಇಲ್ಲದಿದ್ದರೆ ಹಾಟ್‌ಪ್ಲೇಟ್‌ನ ಬಿಸಿಯೂ ಲೆಕ್ಕಕ್ಕೆ ಸೇರಿ ಮೋಸ ಮಾಡುತ್ತದೆ.

ಎರಡನೆಯದಕ್ಕೆ ಟಿವಿ ರಿಮೋಟ್ ಸಾಕು. ಅದರ ತುದಿಯ ಎಲ್‌ಇಡಿ ಸಾಮಾನ್ಯವಾಗಿ 940 ನ್ಯಾನೊಮೀಟರಿನದು. ಫೋನಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿದರೆ ಬಹಳಷ್ಟು ಫೋನ್‌ಗಳಲ್ಲಿ ಅದು ಮಿನುಗುವುದು ಕಾಣುತ್ತದೆ. ನಡುವೆ ನಿಮ್ಮ ತೆಳು ಪ್ಲೇಟ್ ಹಿಡಿದು ಬಟನ್ ಒತ್ತಿ. ಬೆಳಕು ದಾಟಿ ಬಂದರೆ 940 ಮತ್ತು 976ರ ಡಯೋಡ್‌ಗಳ ಬೆಳಕೂ ಹಾಗೇ ದಾಟಿ ಹೋಗುತ್ತದೆ. ಕಣ್ಣಿಗೆ ಕಪ್ಪಾಗಿ ಕಾಣುವುದೆಲ್ಲ ಇನ್‌ಫ್ರಾರೆಡ್‌ನಲ್ಲಿ ಕಪ್ಪಲ್ಲ. ಕೆಲವು ಕಪ್ಪು ಪ್ಲಾಸ್ಟಿಕ್ ತುಂಡುಗಳನ್ನು ಹೀಗೆ ಹಿಡಿದು ನೋಡಿದವರು ಬೆರಗಾಗುತ್ತಾರೆ.

ಒಂದು ಎಚ್ಚರಿಕೆ. ಬಿಸಿಯಾದಂತೆ ಹೀರುವ ಗುಣ ಬದಲಾಗುತ್ತದೆ. ಸಿಲಿಕಾನ್ ಒಳ್ಳೆಯ ಉದಾಹರಣೆ. ತಣ್ಣಗಿದ್ದಾಗ 1064 ನ್ಯಾನೊಮೀಟರ್ ಬೆಳಕನ್ನು ಅರೆಮನಸ್ಸಿನಿಂದ ಹೀರುತ್ತದೆ, ಬಿಸಿಯಾದಂತೆ ಹೀರುವುದು ಜಾಸ್ತಿಯಾಗುತ್ತದೆ. ಆಮೇಲೆ ಒಂದಕ್ಕೊಂದು ಸೇರಿ ಕೈಮೀರಿ ಏರುತ್ತದೆ. ಮೊದಲ ಹತ್ತು ಸೆಕೆಂಡ್ ಏನೂ ಆಗಲಿಲ್ಲ ಅಂತ ಪವರ್ ಏರಿಸಿದವರು ಹನ್ನೊಂದನೆಯ ಸೆಕೆಂಡಿನಲ್ಲಿ ಸ್ಯಾಂಪಲ್ ಕಳೆದುಕೊಂಡದ್ದನ್ನು ನೋಡಿದ್ದೇನೆ.

ಎರಡನೆಯದು: ಎಷ್ಟು ವ್ಯಾಟ್?

ಈ ಲೆಕ್ಕ ಒಂದು ಹಾಳೆಯಲ್ಲಿ ಮುಗಿಯುತ್ತದೆ. ಬಿಸಿ ಮೇಲೇರಿದಂತೆ ಶಾಖ ಕಳೆದುಹೋಗುವುದು ಮುಖ್ಯವಾಗಿ ಬೆಳಕಾಗಿ, ಅದೂ ತಾಪಮಾನದ ನಾಲ್ಕನೆಯ ಘಾತದಲ್ಲಿ. ಪೂರ್ತಿ ಕಪ್ಪು ಮೈಯ ಒಂದು ಚದರ ಸೆಂಟಿಮೀಟರ್ 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 15 ವ್ಯಾಟ್ ಸೂಸುತ್ತದೆ. 1500ರಲ್ಲಿ 56 ವ್ಯಾಟ್. 2000ದಲ್ಲಿ 151 ವ್ಯಾಟ್. ಬಿಸಿ ಎರಡರಷ್ಟಾದರೆ ವ್ಯಾಟ್ ಹತ್ತರಷ್ಟಾಯಿತು ನೋಡಿ.

ಈಗ 10 ಮಿಲಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪದ ಪೆಲ್ಲೆಟ್ ತೆಗೆದುಕೊಳ್ಳಿ. ಮೇಲೆ, ಕೆಳಗೆ, ಅಂಚು ಸೇರಿ ಮೈ 2.2 ಚದರ ಸೆಂಟಿಮೀಟರ್. 1500 ಡಿಗ್ರಿಯಲ್ಲಿ ಅದು 120 ವ್ಯಾಟ್ ಮೇಲೆ ಚೆಲ್ಲುತ್ತದೆ. ಅದೇ ಪುಡಿಯನ್ನು 5 ಮಿಲಿಮೀಟರ್ ಡೈನಲ್ಲಿ, ಅಂದರೆ ಅಚ್ಚಿನಲ್ಲಿ, ಒತ್ತಿ 1 ಮಿಲಿಮೀಟರ್ ದಪ್ಪಕ್ಕೆ ಮಾಡಿ. ಮೈ 0.55 ಚದರ ಸೆಂಟಿಮೀಟರ್‌ಗೆ ಇಳಿಯುತ್ತದೆ, 31 ವ್ಯಾಟ್ ಸಾಕಾಗುತ್ತದೆ. ಗಾಳಿ ಮತ್ತು ಹಿಡಿಕೆಯ ಮೂಲಕ ಹೋಗುವುದು, ಹೀರದೆ ಉಳಿಯುವುದು ಎಲ್ಲ ಸೇರಿಸಿ ಎರಡರಷ್ಟು ಇಟ್ಟುಕೊಂಡರೂ 60 ವ್ಯಾಟ್. ದೊಡ್ಡ ಲೇಸರಿಗೆ ದುಡ್ಡು ಹೊಂದಿಸುವ ಮೊದಲು ಸಣ್ಣದೊಂದು ಡೈ ಮಾಡಿಸಿ. ಇಷ್ಟು ಅಗ್ಗವಾಗಿ ವ್ಯಾಟ್ ಎಲ್ಲೂ ಸಿಗುವುದಿಲ್ಲ.

ತೆಳು ಮಾಡುವುದರಲ್ಲಿ ಇನ್ನೊಂದು ಲಾಭವಿದೆ. ಜಿರ್ಕೋನಿಯಾದಂಥ ಬಿಳಿ ಸೆರಾಮಿಕ್‌ನಲ್ಲಿ ಶಾಖ ನಿಧಾನಕ್ಕೆ ಹರಿಯುತ್ತದೆ. ಮುಂದಿನ ಮೈಯಿಂದ ಹಿಂದಿನ ಮೈಗೆ ಚದರ ಸೆಂಟಿಮೀಟರಿಗೆ 50 ವ್ಯಾಟ್ ಹರಿಯಬೇಕಾದರೆ, ಒಂದೇ ಮಿಲಿಮೀಟರ್ ದಪ್ಪದಲ್ಲಿ ಸುಮಾರು 200 ಡಿಗ್ರಿ ವ್ಯತ್ಯಾಸ ಬೀಳುತ್ತದೆ. ನೀವು 1500 ಅಂತ ಬರೆದುಕೊಂಡರೆ ಹಿಂಭಾಗದಲ್ಲಿ 1300 ಇರಬಹುದು. ಪೇಪರ್ ಬರೆಯುವಾಗ ಇದು ದೊಡ್ಡ ಮಾತು, ಅಲ್ವಾ?

ಮೂರನೆಯದು: ಚುಕ್ಕೆ, ಕಿಟಕಿ, ತಾಪಮಾನ

ಕಿರಣ ಸ್ಯಾಂಪಲ್ ಮೇಲೆ ಬೀಳುವ ಚುಕ್ಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಜ್ರದ ತುದಿಗಳ ನಡುವೆ ಒತ್ತಿದ ಕೂದಲೆಳೆಗಿಂತ ಸಣ್ಣ ಸ್ಯಾಂಪಲನ್ನು ಕಾಯಿಸುವವರಿಗೆ ಚೂಪಾದ ಚುಕ್ಕೆ ಬೇಕು. ಪೆಲ್ಲೆಟ್ ಕಾಯಿಸುವವರಿಗೆ ಅಗಲವಾದ, ಸಮನಾದ ಚುಕ್ಕೆ ಬೇಕು. ಈ ಎರಡರಲ್ಲಿ ನೀವು ಯಾರು ಅಂತ ಮೊದಲೇ ತೀರ್ಮಾನಿಸಿ.

ಕಿಟಕಿಯ ವಿಷಯ ಮಾತ್ರ ವಿವರವಾಗಿ ಹೇಳಲೇಬೇಕು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಲ್ಯಾಬಿನಲ್ಲಿ ಸಿಓಟೂ ಲೇಸರ್ ಜೋಡಿಸುತ್ತಿದ್ದೆವು. ವ್ಯಾಕ್ಯೂಮ್ ಚೇಂಬರಿಗೆ ಮೊದಲಿನಿಂದಲೂ ಕ್ವಾರ್ಟ್ಜ್ ಕಿಟಕಿ ಇತ್ತು. ಕ್ವಾರ್ಟ್ಜ್ ಬಿಸಿ ತಡೆಯುತ್ತದೆ, ಅದೇ ಇರಲಿ ಅಂದುಕೊಂಡೆವು. 30 ವ್ಯಾಟ್ ಇಟ್ಟು ಆನ್ ಮಾಡಿದೆವು. ಒಳಗಿನ ಪೆಲ್ಲೆಟ್ ಬೆಳ್ಳಗೆ ತಣ್ಣಗೆ ಕೂತಿತ್ತು. ಕಿಟಕಿಯ ನಡುವೆ ಮಾತ್ರ ಕಿತ್ತಳೆ ಬಣ್ಣದ ಚುಕ್ಕೆ ಮೂಡಿತು, ಕಾಳುಮೆಣಸಿನಷ್ಟು. ನಾವು ಅದನ್ನು ಪೆಲ್ಲೆಟ್ಟಿನ ಪ್ರತಿಬಿಂಬ ಅಂದುಕೊಂಡು ನೋಡುತ್ತಾ ನಿಂತೆವು. ರಬ್ಬರ್ ಸುಟ್ಟ ವಾಸನೆ ಬಂದಾಗಲೇ ಸ್ವಿಚ್ ಆರಿಸಿದ್ದು. ಓ-ರಿಂಗ್ ಸುಟ್ಟು ವ್ಯಾಕ್ಯೂಮ್ ಹೋಗಿತ್ತು. ಕಿಟಕಿಯ ಮೇಲೆ ಬೆರಳಾಡಿಸಿದರೆ ಸಣ್ಣ ಗುಳಿ ಸಿಗುತ್ತಿತ್ತು. ಆ ಬೆಳಕನ್ನು ಮೊದಲು ಹೀರಿದ್ದು ಕಿಟಕಿಯೇ. ಎರಡು ವಾರ ಕೆಲಸ ನಿಂತಿತು.

ಸಿಓಟೂ ಲೇಸರಿಗೆ ಜಿಂಕ್ ಸೆಲೆನೈಡ್ ಕಿಟಕಿ, ಜಿಂಕ್ ಸೆಲೆನೈಡ್ ಲೆನ್ಸ್ ಬೇಕು. ಹಳದಿ ಬಣ್ಣದ, ಮೃದುವಾದ, ಬೆಲೆ ಬಾಳುವ ವಸ್ತು. ಒಣ ಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ. ಸುಟ್ಟರೆ, ಒಡೆದರೆ ಅದರ ಹೊಗೆ ಮತ್ತು ಪುಡಿ ವಿಷ. ಒಂದು ಅನುಕೂಲವೂ ಉಂಟು: ಕೆಂಪು ಬೆಳಕು ಅದರಲ್ಲಿ ದಾಟುತ್ತದೆ. ಹಾಗಾಗಿ ಸಣ್ಣ ಕೆಂಪು ಪಾಯಿಂಟರನ್ನು ಅದೇ ದಾರಿಯಲ್ಲಿ ಕಳಿಸಿ ಗುರಿ ಹೊಂದಿಸಬಹುದು. ಒಂದು ಮೈಕ್ರಾನಿನ ಲೇಸರುಗಳಿಗೂ ನೀಲಿ ಡಯೋಡಿಗೂ ಈ ತಲೆನೋವೇ ಇಲ್ಲ. ಕ್ವಾರ್ಟ್ಜ್ ಕಿಟಕಿ, ಗಾಜಿನ ಲೆನ್ಸ್ ಸಾಕು. ಫೈಬರ್ ಕೇಬಲಿನಲ್ಲೇ ಬೆಳಕನ್ನು ಕೋಣೆಯ ಆಚೆ ಮೂಲೆಗೂ ಒಯ್ಯಬಹುದು. ಸಿಓಟೂ ಬೆಳಕು ಮಾಮೂಲಿ ಫೈಬರಿನಲ್ಲಿ ಹೋಗುವುದಿಲ್ಲ, ಕನ್ನಡಿಗಳನ್ನಿಟ್ಟು ತಿರುಗಿಸಬೇಕು.

ತಾಪಮಾನ ಅಳೆಯುವುದಕ್ಕೆ ಬಜೆಟ್ಟಿನಲ್ಲಿ ಜಾಗ ಇಡದೆ ಲೇಸರ್ ಕೊಳ್ಳಬೇಡಿ. ಥರ್ಮೊಕಪಲ್ ಮೇಲೆ ಲೇಸರ್ ಬೆಳಕು ನೇರ ಬಿದ್ದರೆ ಅದು ತನ್ನ ಬಿಸಿಯನ್ನೇ ತೋರಿಸುತ್ತದೆ, ಸ್ಯಾಂಪಲಿನದ್ದಲ್ಲ. ಪೈರೊಮೀಟರ್ ಬೇಕು, ಅಂದರೆ ಮುಟ್ಟದೆ, ಸ್ಯಾಂಪಲ್ ಸೂಸುವ ಬೆಳಕು ನೋಡಿ ಬಿಸಿ ಅಳೆಯುವ ಸಾಧನ. ಅದು ನೋಡುವ ತರಂಗಾಂತರ ಲೇಸರಿನದ್ದೇ ಆಗಿರಬಾರದು. 976 ಅಥವಾ 1070ರ ಲೇಸರ್ ಇಟ್ಟುಕೊಂಡು ಒಂದು ಮೈಕ್ರಾನ್ ಸುತ್ತ ನೋಡುವ ಪೈರೊಮೀಟರ್ ತಂದರೆ ಅದು ಲೇಸರನ್ನೇ ಅಳೆಯುತ್ತದೆ. 1.6 ಮೈಕ್ರಾನ್ ಆಸುಪಾಸಿನದ್ದನ್ನು ತನ್ನಿ, ಮುಂದೆ ತಡೆ ಫಿಲ್ಟರ್ ಹಾಕಿಸಿ. ಹೊಳಪು ಬದಲಾಗುವ ಸ್ಯಾಂಪಲ್ ಆದರೆ ಎರಡು ಬಣ್ಣ ನೋಡುವ ಪೈರೊಮೀಟರ್ ಒಳ್ಳೆಯದು.

ಈಗ ಒಂದೊಂದನ್ನೇ ತೂಗೋಣ

ಸಿಓಟೂ ಲೇಸರಿನಲ್ಲಿ ಎರಡು ಜಾತಿ. ಗಾಜಿನ ಕೊಳವೆಯದು, ಲೋಹದ ಕೊಳವೆಯ ಆರ್‌ಎಫ್ (ರೇಡಿಯೊ ತರಂಗದಿಂದ ನಡೆಯುವ) ಮಾದರಿ. ಗಾಜಿನ ಕೊಳವೆ ಅಗ್ಗ. ಅಕ್ರಿಲಿಕ್ ಬೋರ್ಡ್, ಮದುವೆ ಕಾರ್ಡ್ ಕತ್ತರಿಸುವ ಅಂಗಡಿಗಳಲ್ಲಿರುವುದು ಇದೇ. ಆದರೆ ಇದರ ಪವರ್ ಅಲುಗಾಡುತ್ತದೆ, ಕಡಿಮೆ ಪವರಿನಲ್ಲಿ ಸ್ಥಿರವಾಗಿ ಉರಿಯುವುದಿಲ್ಲ, ಸಾವಿರಾರು ಗಂಟೆ ಓಡಿದ ಮೇಲೆ ಕೊಳವೆ ಬದಲಿಸಬೇಕು. ಒಳಗೆ ಇಪ್ಪತ್ತು ಸಾವಿರ ವೋಲ್ಟಿನ ಸುತ್ತಮುತ್ತ ವಿದ್ಯುತ್ತು ಹರಿಯುತ್ತದೆ, ಹುಡುಗರ ಕೈಗೆ ಕೊಡುವಾಗ ನೆನಪಿರಲಿ. ತಣಿಸಲು ನೀರು ಬೇಕು. ಅದಕ್ಕೆ ಬೋರ್‌ವೆಲ್ ನೀರು ಹಾಕಿ ಆರು ತಿಂಗಳಲ್ಲಿ ಕೊಳವೆಯೊಳಗೆ ಬಿಳಿ ಸುಣ್ಣದ ಪದರ ಕಟ್ಟಿಸಿದವರಿದ್ದಾರೆ. ಡಿಸ್ಟಿಲ್ಡ್ ನೀರೇ ಹಾಕಿ. "ಕರಗುತ್ತದಾ ಇಲ್ಲವಾ, ಬಣ್ಣ ಬದಲಾಗುತ್ತದಾ" ಅಂತ ನೋಡುವ ಕೆಲಸಕ್ಕೆ ಗಾಜಿನ ಕೊಳವೆ ಸಾಕು. 1400 ಡಿಗ್ರಿಯಲ್ಲಿ ಐದು ನಿಮಿಷ ಅಲ್ಲಾಡದೆ ನಿಲ್ಲಿಸಬೇಕು, ಪೈರೊಮೀಟರ್ ನೋಡಿ ತಾನೇ ಸರಿಮಾಡಿಕೊಳ್ಳಬೇಕು ಅಂದರೆ ಆರ್‌ಎಫ್ ಮಾದರಿಗೇ ಹೋಗಿ. ಬೆಲೆ ಹಲವು ಪಟ್ಟು ಜಾಸ್ತಿ, ಆದರೆ ಆ ಕೆಲಸಕ್ಕೆ ಬೇರೆ ದಾರಿಯಿಲ್ಲ. ಅನಿಲದ ಚಿಮ್ಮುಗೆಯಲ್ಲಿ ಆಕ್ಸೈಡ್ ಹನಿಯನ್ನು ತೇಲಿಸಿ ಕರಗಿಸುವವರು, ಗಾಜಿನ ಎಳೆ, ಆಕ್ಸೈಡ್ ಹರಳು ಎಳೆಯುವವರು ಸಿಓಟೂ ಹಿಡಿಯುವುದು ಆ ವಸ್ತುಗಳು ಈ ಬೆಳಕನ್ನು ಚೆನ್ನಾಗಿ ಹೀರುತ್ತವೆ ಅಂತಲೇ. ಕಿಟಕಿ, ಲೆನ್ಸ್, ಕನ್ನಡಿಯ ಖರ್ಚನ್ನು ಮೊದಲೇ ಸೇರಿಸಿ ಲೆಕ್ಕ ಹಾಕಿ.

ಫೈಬರ್ ಲೇಸರ್ ನನಗೆ ಬಹಳ ಮೆಚ್ಚಿಗೆಯಾದ ಯಂತ್ರ. ಹೊಂದಿಸುವ ಕನ್ನಡಿಗಳಿಲ್ಲ, ಪವರ್ ಸ್ಥಿರ, ಕಿರಣ ನೇರ, ಚುಕ್ಕೆ ಎಷ್ಟು ಬೇಕಾದರೂ ಚೂಪು ಮಾಡಬಹುದು. ಕಿರಣ ಸೂಕ್ಷ್ಮವಾಗಿರಬೇಕಾದ ಕೆಲಸಕ್ಕೆ, ಅಂದರೆ ವಜ್ರದ ಸೆಲ್ಲಿನಲ್ಲಿ ಕಬ್ಬಿಣ ಇರುವ ಖನಿಜ ಕಾಯಿಸುವುದು, ಲೋಹದ ಪುಡಿ ಕರಗಿಸುವುದು ಇಂಥವಕ್ಕೆ ಇದಕ್ಕೆ ಸಾಟಿಯಿಲ್ಲ. ತೊಂದರೆ ಎರಡು. ಹೊಳೆಯುವ ಲೋಹದಿಂದ ಬೆಳಕು ಬಂದ ದಾರಿಯಲ್ಲೇ ವಾಪಸ್ಸಾದರೆ ಲೇಸರಿಗೇ ಪೆಟ್ಟು. ಸ್ಯಾಂಪಲನ್ನು ಸ್ವಲ್ಪ ಓರೆಯಾಗಿಡಿ, ವಾಪಸ್ ಬರುವ ಬೆಳಕನ್ನು ತಡೆಯುವ ಐಸೊಲೇಟರ್ ಇರುವ ಮಾದರಿ ಕೇಳಿ. ಇನ್ನೊಂದು, ಪೆಲ್ಲೆಟ್ ಸಮನಾಗಿ ಕಾಯಿಸುವವರಿಗೆ ಆ ಚೂಪು ಕಿರಣ ಬೇಕಾಗಿಯೇ ಇಲ್ಲ. ನಡುವೆ ತೀರಾ ಬಿಸಿ, ಅಂಚಿನಲ್ಲಿ ತಣ್ಣಗೆ. ದುಬಾರಿ ಗುಣಕ್ಕೆ ದುಡ್ಡು ಕೊಟ್ಟು, ಮತ್ತೆ ದುಡ್ಡು ಕೊಟ್ಟು ಅದನ್ನು ಹರಡಿದ ಹಾಗಾಗುತ್ತದೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. "20 ವ್ಯಾಟ್ ಫೈಬರ್ ಲೇಸರ್, ಬಹಳ ಅಗ್ಗ" ಅಂತ ಸಿಗುವುದು ಮಾರ್ಕಿಂಗ್ ಮಷಿನ್. ಅದು ನಿರಂತರ ಉರಿಯುವುದಿಲ್ಲ, ಮಿಡಿಯುತ್ತದೆ. ಸೆಕೆಂಡಿಗೆ 20,000 ಮಿಡಿತ ಅಂದರೆ ಒಂದೊಂದರಲ್ಲಿ 1 ಮಿಲಿಜೂಲ್. ಅದು 100 ನ್ಯಾನೊಸೆಕೆಂಡಿನಲ್ಲಿ ಮುಗಿದರೆ ಆ ಕ್ಷಣಕ್ಕೆ 10 ಕಿಲೊವ್ಯಾಟ್. ಮೇಲ್ಮೈಯನ್ನು ಕೆತ್ತಿ ಹಾರಿಸುತ್ತದೆ, ಒಳಗೆ ಹದವಾಗಿ ಕಾಯಿಸುವುದಿಲ್ಲ. ಕೊಟೇಶನ್‌ನಲ್ಲಿ ಸಿಡಬ್ಲ್ಯೂ, ಅಂದರೆ ನಿರಂತರ, ಅಂತ ಬರೆದಿದೆಯಾ ನೋಡಿ. ಇಲ್ಲದಿದ್ದರೆ ಬರೆಸಿ.

ಡಯೋಡ್ ಲೇಸರ್ ಬಗ್ಗೆ ಜನ ಸುಮ್ನೆ ಮೂಗು ಮುರಿಯುತ್ತಾರೆ. ಕಿರಣದ ಗುಣ ಕಳಪೆ ಅನ್ನುತ್ತಾರೆ. ಹೌದು, ಚೂಪು ಚುಕ್ಕೆ ಬರುವುದಿಲ್ಲ. ಆದರೆ ಕಾಯಿಸುವುದಕ್ಕೆ ಅದೇ ವರ. 400 ಮೈಕ್ರಾನ್ ಫೈಬರಿನ ತುದಿಯನ್ನು ಎರಡು ಲೆನ್ಸಿನಿಂದ ಹತ್ತು ಪಟ್ಟು ಹಿಗ್ಗಿಸಿ, 4 ಮಿಲಿಮೀಟರಿನ ದುಂಡನೆಯ ಚುಕ್ಕೆ ಸಿಗುತ್ತದೆ. ನಡುವೆಯೂ ಅಂಚಿನಲ್ಲೂ ಹೆಚ್ಚುಕಡಿಮೆ ಒಂದೇ ಬೆಳಕು. ಕರೆಂಟ್ ಏರಿಸಿದಷ್ಟು ಪವರ್ ಏರುತ್ತದೆ, ಇಳಿಸಿದ ಕ್ಷಣ ಇಳಿಯುತ್ತದೆ. ಹಾಕಿದ ವಿದ್ಯುತ್ತಿನಲ್ಲಿ ಅರ್ಧದ ಹತ್ತಿರ ಬೆಳಕಾಗಿ ಬರುತ್ತದೆ, ಹಾಗಾಗಿ ತಣಿಸುವ ನೀರಿನ ಚಿಲ್ಲರ್ ಸಣ್ಣದು ಸಾಕು, ಯುಪಿಎಸ್ ಸಣ್ಣದು ಸಾಕು. ಒಂದು ವ್ಯಾಟಿಗೆ ಬೀಳುವ ದುಡ್ಡು ನೋಡಿದರೂ ಇದು ಹಗುರ. ತೆಳು ಪದರ ಬೆಳೆಸುವ ಚೇಂಬರಿನಲ್ಲಿ, ಆಕ್ಸಿಜನ್ ಇದ್ದರೂ, ಹಿಂದಿನಿಂದ ಸಬ್‌ಸ್ಟ್ರೇಟ್ (ಪದರ ಕೂರುವ ತಳದ ತುಂಡು) ಕಾಯಿಸಲು ಡಯೋಡ್ ಬಳಸುವುದು ಈಗ ಮಾಮೂಲಿ. ಸಬ್‌ಸ್ಟ್ರೇಟ್ ಪಾರದರ್ಶಕವಾಗಿದ್ದರೆ ಹಿಂದೆ ಹೀರುವ ತಟ್ಟೆ ಇಡಬೇಕು, ಅಷ್ಟೇ. ಕಪ್ಪು ಆಕ್ಸೈಡ್, ಸಿಲಿಕಾನ್, ಕಾರ್ಬನ್, ಮಂಕಾದ ಲೋಹ ಇವುಗಳಲ್ಲಿ ಕೆಲಸ ಮಾಡುವವರು ನನ್ನನ್ನು ಕೇಳಿದರೆ ಮೊದಲು ಡಯೋಡ್ ಅನ್ನುತ್ತೇನೆ. ಸಿಲಿಕಾನಿಗೆ 808 ವಾಸಿ. ಅಲ್ಯೂಮಿನಿಯಂ ಕೂಡ 808ರ ಆಸುಪಾಸಿನಲ್ಲೇ ಸ್ವಲ್ಪ ಜಾಸ್ತಿ ಹೀರುತ್ತದೆ.

ಮಳೆಗಾಲದಲ್ಲಿ ಒಂದು ಜಾಗ್ರತೆ. ಚಿಲ್ಲರನ್ನು 15 ಡಿಗ್ರಿಗೆ ಇಟ್ಟರೆ ಜೂನ್, ಜುಲೈನ ತೇವಕ್ಕೆ ಡಯೋಡಿನ ತಟ್ಟೆ ಮೇಲೆ ಹನಿ ಕೂರುತ್ತದೆ. 25ಕ್ಕೆ ಇಡಿ.

ನೀಲಿ ಡಯೋಡ್ ಎಲ್ಲರಿಗೂ ಅಲ್ಲ. ತಾಮ್ರ, ಚಿನ್ನ ಕಾಯಿಸುವವರಿಗೆ. ತಾಮ್ರ ಒಂದು ಮೈಕ್ರಾನ್ ಬೆಳಕಿನಲ್ಲಿ ನೂರಕ್ಕೆ ಐದರಷ್ಟು ಹೀರಿದರೆ ಹೆಚ್ಚು, ನೀಲಿಯಲ್ಲಿ ಅರ್ಧದ ಆಸುಪಾಸು. ಹಾಗಂತ ಬೆಳ್ಳಿಗೆ ಬಳಸಲು ಹೋಗಬೇಡಿ, ಬೆಳ್ಳಿ ನೀಲಿಯನ್ನೂ ತಿರುಗಿಸಿ ಬಿಡುತ್ತದೆ. ಪೈರೊಮೀಟರಿಗೆ ನೀಲಿ ಅಡ್ಡಬರುವುದಿಲ್ಲ, ಅದೊಂದು ನೆಮ್ಮದಿ.

ಕಣ್ಣು

ಅರ್ಧ ವ್ಯಾಟ್ ಮೀರಿದ ಲೇಸರೆಲ್ಲ ನಾಲ್ಕನೇ ವರ್ಗ, ಅಂದರೆ ಗೋಡೆಗೆ ಬಡಿದು ಚೆದುರಿದ ಬೆಳಕೂ ಕಣ್ಣಿಗೆ ಅಪಾಯ. 400ರಿಂದ 1400 ನ್ಯಾನೊಮೀಟರ್ ಬೆಳಕು ಕಣ್ಣಿನ ಒಳಪರದೆಯ ಮೇಲೆ ಚುಕ್ಕೆಯಾಗಿ ಕೂಡುತ್ತದೆ. ಫೈಬರ್, ಡಯೋಡ್ ಎಲ್ಲ ಇದರಲ್ಲೇ ಬಂತು. ಇನ್‌ಫ್ರಾರೆಡ್ ಆದರೆ ಕಾಣುವುದಿಲ್ಲ, ರೆಪ್ಪೆ ಮುಚ್ಚುವುದಿಲ್ಲ. ಸುಟ್ಟ ಒಳಪರದೆ ಮತ್ತೆ ಬರುವುದಿಲ್ಲ. ಸಿಓಟೂ ಬೆಳಕು ಕಣ್ಣಿನ ಮುಂಭಾಗವನ್ನು ಸುಡುತ್ತದೆ. ಅದರ ಎದುರು ಅಕ್ರಿಲಿಕ್ ಹಾಳೆಯೇ ತಡೆ, ಆದರೆ ಅದೇ ಹಾಳೆ ಫೈಬರ್ ಲೇಸರಿಗೆ ಬರೀ ಕಿಟಕಿ. ಹಾಗಾಗಿ ಒಂದು ಲೇಸರಿನ ಕನ್ನಡಕ ಇನ್ನೊಂದಕ್ಕೆ ಆಗುವುದಿಲ್ಲ. ಕನ್ನಡಕದ ಮೇಲೆ ತರಂಗಾಂತರ ಮತ್ತು ಓಡಿ, ಅಂದರೆ ಬೆಳಕನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆ, ಬರೆದಿರುತ್ತದೆ. ಓಡಿ 6 ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು ಮಾತ್ರ ದಾಟುತ್ತದೆ.

ನಾನು ಕನ್ನಡಕಕ್ಕಿಂತ ಪೆಟ್ಟಿಗೆಯನ್ನು ನಂಬುತ್ತೇನೆ. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಶೀಟ್ ಮೆಟಲ್ ಕೆಲಸದವರಿಗೆ ಅಳತೆ ಕೊಟ್ಟು ಮುಚ್ಚಿದ ಪೆಟ್ಟಿಗೆ ಮಾಡಿಸಿ, ಒಳಗೆ ಮಂಕು ಕಪ್ಪು ಬಳಿಸಿ. ಬಾಗಿಲು ತೆರೆದ ಕೂಡಲೇ ಲೇಸರ್ ಆರುವ ಇಂಟರ್‌ಲಾಕ್ ಹಾಕಿಸಿ. ಒಳಗೆ ನೋಡಲು ಕ್ಯಾಮೆರಾ ಇಡಿ. ಕೈ ಹಾಕುವ ಮೊದಲು ಬಳೆ, ಉಂಗುರ, ವಾಚ್ ತೆಗೆದಿಡಿ. ಇದಕ್ಕೆ ದುಡ್ಡಿಲ್ಲ ಅನ್ನುವವರಿಗೆ ಲೇಸರ್ ಕೊಳ್ಳಬೇಡಿ ಅಂತ ನೇರವಾಗಿ ಹೇಳುತ್ತೇನೆ.

ದುಡ್ಡು ಮತ್ತು ಕಾಗದ

ನನ್ನ ಅನುಭವದಲ್ಲಿ ಲೇಸರಿಗೆ ಒಂದು ರೂಪಾಯಿ ಇಟ್ಟರೆ ಕಿಟಕಿ, ಲೆನ್ಸ್, ಪೈರೊಮೀಟರ್, ಚಿಲ್ಲರ್, ಪೆಟ್ಟಿಗೆ, ಹೊಗೆ ಎಳೆಯುವ ಫ್ಯಾನ್ ಇವಕ್ಕೆ ಇನ್ನೊಂದು ರೂಪಾಯಿ ಬೇಕು. ಸರ್ಕಾರಿ ದುಡ್ಡಾದರೆ ಸಾಮಾನ್ಯವಾಗಿ ಕಡಿಮೆ ಬೆಲೆ ಹಾಕಿದ ಎಲ್-1ಗೇ ಕೊಡಬೇಕು. ಹಾಗಾಗಿ ನಿಮ್ಮ ಕೈಯಲ್ಲಿರುವುದು ಸ್ಪೆಸಿಫಿಕೇಶನ್ ಮಾತ್ರ. "100 ವ್ಯಾಟ್ ಲೇಸರ್" ಅಂತ ಬರೆದರೆ ಏನು ಬೇಕಾದರೂ ಬಂದು ಕೂರುತ್ತದೆ. ತರಂಗಾಂತರ, ಸಿಡಬ್ಲ್ಯೂ, ಒಂದು ಗಂಟೆಯಲ್ಲಿ ಪವರ್ ಎಷ್ಟು ಅಲುಗಾಡಬಹುದು, ಕನಿಷ್ಠ ಎಷ್ಟು ಪವರಿನಲ್ಲಿ ಸ್ಥಿರ, ಹೊರಗಿನಿಂದ ವೋಲ್ಟೇಜ್ ಕೊಟ್ಟು ನಿಯಂತ್ರಿಸಬಹುದಾ, ಇಂಟರ್‌ಲಾಕ್ ಇದೆಯಾ ಎಲ್ಲವನ್ನೂ ಬರೆಯಿರಿ. ಕೊನೆಗೆ, ನಮ್ಮ ಸ್ಯಾಂಪಲನ್ನೇ ಕಾಯಿಸಿ ತೋರಿಸಬೇಕು ಅಂತ ಒಂದು ಸಾಲು ಸೇರಿಸಿ.

ಮೇಡಂ ಕಾಯಿಸಬೇಕಿದ್ದದ್ದು ಜಿರ್ಕೋನಿಯಾ ಪೆಲ್ಲೆಟ್, 1400ರಿಂದ 1500 ಡಿಗ್ರಿ, ಬೇಗ. ಗನ್ ಪರೀಕ್ಷೆ ನನ್ನ ಮೇಜಿನ ಮೇಲೇ ಮಾಡಿದೆವು. ಹಾಟ್‌ಪ್ಲೇಟ್ 100, ಗನ್ 93. ಫೈಬರ್ ಕೊಟೇಶನ್ ಅಲ್ಲೇ ಮಡಿಸಿ ಬ್ಯಾಗಿಗೆ ಹೋಯಿತು, ಡಯೋಡಿನದೂ ಹಿಂದೆಯೇ ಹೋಯಿತು. ಆಮೇಲೆ ಒಂದು ಕಟಿಂಗ್ ಅಂಗಡಿಗೆ ಹೋಗಿ, ಮಾಲೀಕರನ್ನು ಕೇಳಿಕೊಂಡು, ಬೆಂಕಿ ಇಟ್ಟಿಗೆಯ ಮೇಲೆ ಪೆಲ್ಲೆಟ್ ಇಟ್ಟು ಸಿಓಟೂ ಕಿರಣವನ್ನು ಅಗಲ ಮಾಡಿ ಬಿಟ್ಟೆವು. ಮೊದಲನೆಯದಕ್ಕೆ ಒಮ್ಮೆಲೇ ಪವರ್ ಕೊಟ್ಟೆವು. ಬೆಳ್ಳಗೆ ಉರಿದು ಟಕ್ ಅಂತ ಎರಡು ಹೋಳಾಯಿತು. ಎರಡನೆಯದಕ್ಕೆ ಸಣ್ಣ ಪವರಿನಿಂದ ಶುರುಮಾಡಿ ಒಂದು ನಿಮಿಷ ಮೆಲ್ಲಗೆ ಏರಿಸಿದೆವು. ಕೆಂಪು, ಕಿತ್ತಳೆ, ಹಳದಿ, ಬಿಳಿ. ಒಡೆಯಲಿಲ್ಲ.

100 ವ್ಯಾಟಿನ ಬದಲು 60 ವ್ಯಾಟಿನ ಆರ್‌ಎಫ್ ಮಾದರಿಗೆ ಅವರು ಈಗ ಹೊಸ ಕೊಟೇಶನ್ ಕೇಳಿದ್ದಾರೆ. 5 ಮಿಲಿಮೀಟರ್ ಡೈ ಮಾಡಿಸಲು ಕೊಟ್ಟಿದ್ದಾರೆ. ಮೊನ್ನೆ ಫೋನ್ ಮಾಡಿ, "ಸರ್, ಜಿಂಕ್ ಸೆಲೆನೈಡ್ ಕಿಟಕಿ ಎಷ್ಟು ದಪ್ಪ ಇರಬೇಕು? ಒಳಗೆ ವ್ಯಾಕ್ಯೂಮ್ ಇರುತ್ತೆ" ಅಂದರು. 25 ಮಿಲಿಮೀಟರ್ ಅಗಲಕ್ಕೆ 3 ಮಿಲಿಮೀಟರ್ ದಪ್ಪ ಸಾಕು, ಎರಡು ಕಿಟಕಿ ತರಿಸಿ, ಒಂದು ಬೀರುವಿನಲ್ಲಿರಲಿ ಅಂದೆ.